ಸಪ್ಪೆ ನೀರಿನ ಟ್ರೇಯಲ್ಲಿ ಸತ್ತ ಗೋಧಿ

"ಅಜ್ಜಿ, ನನ್ನ ಗೋಧಿ ಕೊಲೆ ಆಗೈತೆ," ಎಂದು ನಿಖತ್ ಗೇಟಿನಲ್ಲೇ ನಿಂತು ಹೇಳಿದಾಗ ಗುರುಶಾಂತಮ್ಮ ಕೊತ್ತಂಬರಿ ಸೋಸುತ್ತಿದ್ದರು. ಅವರು ನಿವೃತ್ತ ವಿಜ್ಞಾನ ಟೀಚರ್, ವಿದ್ಯಾನಗರದ ನಮ್ಮ ಓಣಿಯ ಪತ್ತೇದಾರರು. ನಾನು ರಶ್ಮಿತಾ, ಅವರ ಮಹಡಿಯ ಬಾಡಿಗೆದಾರಳು, ಅವರ ಸ್ಕೂಟರ್ ಚಾಲಕಿ, ಪರಮ ಭಕ್ತೆ. ಕಳೆದ ಚಪ್ಪಲಿಯಿಂದ ಹಿಡಿದು ಕಳೆದ ಅಳಿಯನವರೆಗೆ ಅವರು ಹುಡುಕಿಕೊಡದ್ದಿಲ್ಲ.

"ಕೊಂದೋರು ಯಾರು?"

"ರೇವಂತ್. ನನ್ನ ಪ್ರಾಜೆಕ್ಟ್ ಪಾರ್ಟ್ನರ್. ಮೇಡಂಗೆ ಹೇಳಿಬಿಟ್ಟೀನಿ. ಸೋಮವಾರ ಪ್ರಾಜೆಕ್ಟಿಂದ ಅವನ ಹೆಸರು ತೆಗೀತಾರೆ. ಹೆಸರು ಹೋದ್ರೆ ಫೇಲು."

"ಎಲ್ಲಾ ನೀನೇ ತೀರ್ಮಾನ ಮಾಡಿ ನನ್ನ ಹತ್ರ ಯಾಕ ಬಂದಿ?"

"ಅವನು ಒಪ್ಕೊಳ್ತಾ ಇಲ್ಲ."

ಅರ್ಧ ಸೋಸಿದ ಕೊತ್ತಂಬರಿ ಅಲ್ಲೇ ಉಳಿಯಿತು. ನನ್ನ ಸ್ಕೂಟರ್ ಆನೆಕೊಂಡದ ಕಡೆ ಓಡಿತು.

ನಿಖತ್ ಮನೆಯ ಹಿತ್ತಲಲ್ಲೇ ಅವಳ ಅಪ್ಪನ ಮಂಡಕ್ಕಿ ಭಟ್ಟಿ. ಮಾಳಿಗೆಯ ಮೇಲೆ ಎರಡು ಟ್ರೇಗಳಿದ್ದವು. ಉಪ್ಪು ಮಣ್ಣಿನಲ್ಲಿ ಯಾವ ಗೋಧಿ ಚೆನ್ನಾಗಿ ಮೊಳೆಯುತ್ತದೆ ಎಂಬುದೇ ಪ್ರಾಜೆಕ್ಟು. ಹರಿಹರದ ಹೊಳೆಯಿಂದ ಮರಳು ತಂದು, ತೊಳೆದು, ಎರಡಕ್ಕೂ ತುಂಬಿದ್ದರು. ಪ್ರತಿ ಟ್ರೇಯಲ್ಲಿ ಒಂದು ಪಕ್ಕ ಹಳೆಯ ನಾಟಿ ತಳಿಯಾದ ಜವೆ ಗೋಧಿ, ಇನ್ನೊಂದು ಪಕ್ಕ ಅಂಗಡಿಯ ಹೊಸ ತಳಿ. ಒಂದು ಟ್ರೇಗೆ ಉಪ್ಪು ನೀರು, ಇನ್ನೊಂದಕ್ಕೆ ಸಪ್ಪೆ ನೀರು.

ಉಪ್ಪು ನೀರಿನ ಟ್ರೇಯಲ್ಲಿ ಜವೆ ಅಷ್ಟಿಷ್ಟು ಎದ್ದಿತ್ತು, ಹೊಸ ತಳಿ ಕುಂಟುತ್ತಿತ್ತು. ಸಪ್ಪೆ ನೀರಿನ ಟ್ರೇ ಹಸಿರುಕ್ಕಬೇಕಿತ್ತು. ಅದು ನಮ್ಮ ಕಾಲೇಜಿನ ಪ್ರಿನ್ಸಿಪಾಲರ ತಲೆಯಂತಿತ್ತು: ಜವೆಯ ಕಡೆ ನಾಲ್ಕೆಳೆ, ಇನ್ನೊಂದು ಕಡೆ ಬಟ್ಟಬಯಲು.

"ಯಾರ ಹೆಸರು ಮೊದಲು ಬರಬೇಕು ಅಂತ ನಮಗೆ ಜಗಳ ಆಗಿತ್ತು," ಎಂದಳು ನಿಖತ್. "ಆ ಸಿಟ್ಟಿಗೆ ಉಪ್ಪು ಸುರುವ್ಯಾನೆ."

"ಬಿತ್ತೋವಾಗ ನಾನು ಸಾರಥಿ ಊರಲ್ಲಿ ಅತ್ತೆ ಮನೇಲಿದ್ದೆ," ಎಂದ ಅವಳು ಕರೆಸಿದ್ದ ರೇವಂತ್, ಗೋಡೆಯ ಕಡೆ ನೋಡುತ್ತಾ. "ಬಂದ ಮೇಲೆ ನೀರು ಹಾಕೀನಿ. ಬರೀ ನೀರು."

"ಅವನು ಬರೋ ಮುಂಚೆ ಮೊಳಕೆ ಹೆಂಗಿತ್ತವ್ವ?"

"ಆಗ್ಲೂ ಎದ್ದಿರಲಿಲ್ಲ ಅಜ್ಜಿ."

ಗುರುಶಾಂತಮ್ಮ ಎರಡೂ ಟ್ರೇಗಳ ಮರಳನ್ನು ಬೆರಳಲ್ಲಿ ಉಜ್ಜಿದರು. ಉಪ್ಪು ನೀರಿನ ಟ್ರೇಯಲ್ಲಿ ಚೂರುಪಾರು ಕಪ್ಪೆಚಿಪ್ಪು, ಹೊಳೆಯುವ ಕಣ. ಇನ್ನೊಂದರಲ್ಲಿ ಜರಡಿ ಹಿಡಿದಂಥ ನುಣುಪು ಮರಳು, ಬಣ್ಣ ಮಸಿ ಮಸಿ. ಅದರೊಳಗಿಂದ ಉಬ್ಬಿ ಸುಟ್ಟ ಕರಿ ಕಾಳೊಂದು ಸಿಕ್ಕಿತು. ಸತ್ತ ಗೋಧಿ ಎಂದು ನಾನು ಟಿಪ್ಪಣಿ ಮಾಡಿಕೊಂಡೆ. ಪಕ್ಕದಲ್ಲಿ ಮಿಕ್ಕ ಮರಳಿನ ಚೀಲದ ಬಾಯಿಗೆ ಕಲ್ಲು ಹೇರಿದ್ದರು.

"ಕಲ್ಲು ಯಾಕ?"

"ಬೆಕ್ಕು," ಎಂದಳು ನಿಖತ್.

"ಎಲ್ಲರೂ ಕೆಳಗೆ ಬರ್ರಿ. ನಿಮ್ಮ ದಾದೀನೂ ಕರಿ."

ಅಂಗಳದಲ್ಲಿ ನಿಖತ್‌ಳ ದಾದಿ, ಅಂದರೆ ಅಪ್ಪನ ತಾಯಿ ಜೈನಾಬಿ, ಮಂಡಕ್ಕಿ, ಮಿರ್ಚಿ ತಂದಿಟ್ಟರು. ರೇವಂತ್ ಮುಟ್ಟಲಿಲ್ಲ.

"ಸಪ್ಪೆ ನೀರಿನ ಟ್ರೇ ಸೊರಗಿದ್ದೂ ಉಪ್ಪು ನೀರಿನ ಟ್ರೇ ಥರಾನೇ," ಎಂದು ಶುರು ಮಾಡಿದರು ಗುರುಶಾಂತಮ್ಮ. "ಎರಡೂ ಟ್ರೇಯಲ್ಲಿ ಜವೆನೇ ಒಂಚೂರು ತಡಕೊಂಡೈತೆ. ಅಂದ್ರೆ ಕೊಂದದ್ದು ಉಪ್ಪೇ. ಆದ್ರೆ ಯಾವಾಗ? ಆಮೇಲೆ ಸುರುವಿದ್ರೆ ಮೊಳಕೆ ಎದ್ದು ಆಮೇಲೆ ಒಣಗ್ತಿತ್ತು. ಇಲ್ಲಿ ಹೆಚ್ಚಿನ ಕಾಳು ಮೊಳೀಲೇ ಇಲ್ಲ, ಉಪ್ಪು ನೀರು ಕುಡಿಯೋಕೇ ಬಿಟ್ಟಿಲ್ಲ. ಉಪ್ಪು ಬಿತ್ತೋಕಿಂತ ಮುಂಚೆನೇ ಮರಳಲ್ಲಿತ್ತು. ಆಗ ರೇವಂತ್ ಸಾರಥಿಯಲ್ಲಿದ್ದ."

"ನಾವು ತಂದದ್ದು ಹೊಳೆ ಮರಳು, ಅಜ್ಜಿ. ಅದ್ರಲ್ಲಿ ಎಲ್ಲಿ ಉಪ್ಪು?"

"ಆ ಟ್ರೇಯಲ್ಲಿ ಇರೋದು ಹೊಳೆ ಮರಳೇ ಅಲ್ಲ. ಈ ಕರಿ ಕಾಳು ಸೀದುಹೋದ ಮಂಡಕ್ಕಿ. ಅಕ್ಕಿಗೆ ಉಪ್ಪು ನೀರು ಹಚ್ಚಿ, ಕಾದ ಮರಳಲ್ಲಿ ಹುರೀತಾರೆ. ಭಟ್ಟಿ ಮರಳು ವರ್ಷಗಟ್ಟಲೆ ಉಪ್ಪು ತಿಂದಿರ್ತೈತೆ. ಬೆಕ್ಕಿಗೂ ಮರಳು ಅಂದ್ರೆ ಬಲು ಇಷ್ಟ. ಜೈನಾಬಮ್ಮ, ಮುಂದಿಂದು ನೀವು ಹೇಳ್ರಿ."

ಜೈನಾಬಿ ಸೆರಗು ಸರಿಮಾಡಿಕೊಂಡರು. "ಹೌದ್ರಿ ಅಕ್ಕ. ಬಿತ್ತೋ ಹಿಂದಿನ ದಿನ ಬೆಕ್ಕು ಒಂದು ಟ್ರೇಯಲ್ಲಿ ಗಲೀಜು ಮಾಡಿತ್ತು. ಇವಳು ಕ್ಲೀನ್ ಮರಳೇ ಬೇಕು ಅಂತ ದಿನಾ ಜಪ ಮಾಡ್ತಿದ್ಲು. ಬೆಂಕಿಯಾಗ ಬೆಂದದ್ದಕ್ಕಿಂತ ಕ್ಲೀನ್ ಯಾವುದೈತೆ? ಹಳೇದು ಚೆಲ್ಲಿ, ಭಟ್ಟಿ ಮರಳನ್ನ ಜರಡಿ ಹಿಡಿದು ನಾನೇ ತುಂಬಿದೆ."

"ದಾದಿ, ನನಗೊಂದು ಮಾತು ಹೇಳಬಾರದಾ?"

"ಹೇಳಿದ್ರೆ ನೀನು ಬೆಕ್ಕಿನ ಮೇಲೂ ಕಂಪ್ಲೇಂಟ್ ಕೊಡ್ತಿದ್ದಿ."

ನಿಖತ್ ಮೇಡಂಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು. "ಮೇಡಂ, ತಪ್ಪು ನಂದು. ರೇವಂತ್ ಏನೂ ಮಾಡಿಲ್ಲ. ಅವನ ಹೆಸರು ಇರಲಿ. ಮೊದಲೇ ಇರಲಿ."

ಆಗಲಿ ಎಂದರು ಮೇಡಂ.

ನಿಖತ್ ಮಂಡಕ್ಕಿಯ ತಟ್ಟೆಯನ್ನು ರೇವಂತನ ಮುಂದೆ ಸರಿಸಿದಳು. ಅವನು ಅವಳನ್ನೂ ತಟ್ಟೆಯನ್ನೂ ಒಮ್ಮೆ ನೋಡಿದ. ಒಂದು ಹಿಡಿ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದ.

"ಉಪ್ಪು ಸ್ವಲ್ಪ ಕಮ್ಮಿ ಆಗೈತೆ," ಎಂದ.