ಹುಲಿಗೆಮ್ಮ ಇಡದ ಎಡೆ

ಸತ್ಯಶ್ರವಣ ಯಂತ್ರದ ಕೆಂಪು ದೀಪ ಮೊದಲ ಸಲ ಹೊತ್ತಿದಾಗ ಅದನ್ನು ಕಂಡುಹಿಡಿದ ಡಾ. ಇಂದುಧರ ಹಿರಿಹಿರಿ ಹಿಗ್ಗಿದ. ಕರಿಗುಡ್ಡದ ಗಣಿಯಲ್ಲಿ ಕೂಲಿ ಹೆಚ್ಚಿಸಿ ಎಂದು ಕೇಳಿದ ನೂರಾರು ಜನರನ್ನು ಕಾವಲು ಪಡೆ ಗುಂಡಿಕ್ಕಿ ಹೂತು ಮೂವತ್ತು ವರ್ಷವಾಗಿತ್ತು. ಸತ್ತವರಲ್ಲಿ ಅವನ ತಂದೆಯೂ ಒಬ್ಬ. ‘ಅಂಥದ್ದೇನೂ ನಡೆದಿಲ್ಲ’ ಎನ್ನುವವರಿಗೆ ಜೈಲು ಎಂಬ ಕಾಯ್ದೆಗಾಗಿ ಅವನೇ ಊರೂರು ಅಲೆದಿದ್ದ. ಸಾರ್ವಜನಿಕ ಸ್ಥಳದಲ್ಲಿ ಆಡಿದ ಮಾತನ್ನು ಯಂತ್ರ ಮಣ್ಣಿನಲ್ಲಿ ಸಿಕ್ಕ ಮೂಳೆ, ಸಾಕ್ಷಿಗಳೊಂದಿಗೆ ಹೋಲಿಸುತ್ತಿತ್ತು. ಅಲ್ಲಗಳೆದರೆ ಕೆಂಪು, ಒಪ್ಪಿದರೆ ಹಸಿರು.

ಗಣಿ ಮಾಲೀಕರ ಮಕ್ಕಳು ರಂಗೋಲಿ ಕೆಳಗೆ ತೂರುವವರು. ‘ನಿಜವಾಗಿ ನಡೆಯಿತೇ? ಚರ್ಚೆಯಾಗಲಿ’ ಎಂದಷ್ಟೇ ಅನ್ನುತ್ತಿದ್ದರು. ಪ್ರಶ್ನೆಗೆ ದೀಪ ಹೊತ್ತುತ್ತಿರಲಿಲ್ಲ.

ಆ ಮೊದಲ ಕೆಂಪು ದೀಪಕ್ಕೆ ಸಿಕ್ಕಿಬಿದ್ದವಳು ಮುದುಕಿ ಹುಲಿಗೆಮ್ಮ. ಮಹಾಲಯ ಅಮಾವಾಸ್ಯೆಯಂದು ಸ್ಮಾರಕದ ಮುಂದೆ ಊರವರೆಲ್ಲ ತಮ್ಮ ಸತ್ತವರಿಗೆ ಎಡೆ ಇಟ್ಟರು, ಅವಳು ಇಡಲಿಲ್ಲ. ಯಾಕೆಂದು ಕೇಳಿದವರಿಗೆ, “ಇಲ್ಲಿ ಯಾರೂ ಸತ್ತಿಲ್ಲ” ಅಂದಳು. ಪೊಲೀಸರು ಅವಳನ್ನು ಹಿಡಿದೊಯ್ದರು.

ಇಂದುಧರ ಠಾಣೆಗೆ ಓಡಿದ. ಗಣಿಯಲ್ಲಿ ನಡೆದದ್ದನ್ನು ಠಾಣೆಯ ಯಂತ್ರದ ಮುಂದೆ ಒಪ್ಪಿಕೊಂಡರೆ ಬಿಡುಗಡೆ ಎಂಬ ದಾರಿಯೊಂದು ಕಾಯ್ದೆಯಲ್ಲಿತ್ತು.

“ಅವ್ವಾ, ನಿಮ್ಮ ಮಗ ದುರುಗಪ್ಪ ಅವತ್ತು ಗಣಿಯಾಗ ಇದ್ದನಲ್ಲ?”

“ಇದ್ದ. ನಾನೇ ಬುತ್ತಿ ಕಟ್ಟಿ ಕೊಟ್ಟಿದ್ದೆ.”

“ಮತ್ತ ಸತ್ತಿಲ್ಲ ಅಂತ ಯಾಕ ಅಂತೀರಿ?”

“ಎಲ್ಲಾರ ಮೂಳೆ ಸಿಕ್ಕವು, ನನ್ನ ಹುಡುಗಂದು ಸಿಗಲಿಲ್ಲ. ಬದುಕಿದೋನಿಗೆ ಎಡೆ ಇಡ್ತಾರೇನಪ್ಪ? ಇಟ್ಟೆ ಅಂದ್ರ ನಾನೇ ಅವನ್ನ ಕೊಂದಂಗ. ಜೈಲಾದರೂ ಆಗಲಿ.”

 ಇಂದುಧರ ತನ್ನ ತಂದೆಯನ್ನು ಕೊಂದವರ ಬಾಯಿಗೆ ಬೀಗ ಹಾಕಲು ಮಾಡಿದ ಯಂತ್ರ ಒಬ್ಬ ತಾಯಿಯನ್ನು ಹಿಡಿದಿತ್ತು. ಸುಳ್ಳಿಗೂ ದುಃಖಕ್ಕೂ ಇರುವ ವ್ಯತ್ಯಾಸವನ್ನು ಅವನು ಅದಕ್ಕೆ ಕಲಿಸಿರಲಿಲ್ಲ. ನಾಚಿಕೆಯಿಂದ ಎದ್ದು ಯಂತ್ರದ ಮುಂದೆ ನಿಂತ.

“ಕರಿಗುಡ್ಡದಾಗ ಯಾರೂ ಸತ್ತಿಲ್ಲ. ನಮ್ಮಪ್ಪನೂ ಸತ್ತಿಲ್ಲ.”

ಕೆಂಪು ದೀಪ ಹೊತ್ತಿತು. ಇನ್ಸ್‌ಪೆಕ್ಟರ್ ಗಾಬರಿಯಾದರು. “ಸಾರ್, ನಿಮ್ಮನ್ನೂ ಒಳಗೆ ಹಾಕಬೇಕಾಗುತ್ತೆ!”

“ಹಾಕಿ. ಈ ಕಾಯ್ದೆ ತಪ್ಪು ಅಂತ ಕೋರ್ಟಿನಲ್ಲಿ ನಾನೇ ಹೇಳ್ತೀನಿ.”

ಹುಲಿಗೆಮ್ಮ ದಡಬಡಿಸಿ ಎದ್ದಳು. “ಏ ಹುಚ್ಚಪ್ಪ, ನನ್ನ ಸಲುವಾಗಿ ಹೆತ್ತ ಅಪ್ಪನ ಸಾವನ್ನ ಸುಳ್ಳು ಮಾಡ್ತೀಯಾ? ಅವರು ಗುಂಡು ಹೊಡೆದದ್ದು, ನಿಮ್ಮಪ್ಪ ಬಿದ್ದದ್ದು, ಎಲ್ಲಾ ನಾ ಕಣ್ಣಾರೆ ನೋಡೀನಿ!”

ದೀಪ ಹಸಿರಾಯಿತು. ಅವಳನ್ನು ಬಿಟ್ಟುಬಿಟ್ಟರು. ಇಂದುಧರ ಮಾತ್ರ ತನ್ನ ಮಾತು ಹಿಂತೆಗೆದುಕೊಳ್ಳದೆ ಲಾಕಪ್ಪಿನಲ್ಲೇ ಉಳಿದ.

ಮರುದಿನ ಮಧ್ಯಾಹ್ನ ಹುಲಿಗೆಮ್ಮ ಮತ್ತೆ ಠಾಣೆಗೆ ಬಂದಳು. ಕೈಯಲ್ಲಿ ಬುತ್ತಿಯ ಗಂಟಿತ್ತು.