ಜುಲೈ ಮೂವತ್ತೊಂದರ ಸ್ವೀಕೃತಿ

2025ರ ಫೆಬ್ರವರಿ 11, ಮಂಗಳವಾರ, ಬೆಳಿಗ್ಗೆ 10.40. ಚನ್ನಪಟ್ಟಣದ ಠಾಣೆಯಲ್ಲಿ ಇನ್ಸ್‌ಪೆಕ್ಟರ್ ದೇವರಾಜ್ ಎದುರು ಕೂತ ರಮ್ಯಾ ದೂರನ್ನು ಮನೆಯಲ್ಲೇ ಬರೆದು ತಂದಿದ್ದಳು. ವಯಸ್ಸು ಮೂವತ್ನಾಲ್ಕು, ಊರು ಹೊಂಗನೂರು, ಐದು ವರ್ಷದಿಂದ ಐರ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಅಳುವುದನ್ನೂ ಮನೆಯಲ್ಲೇ ಮುಗಿಸಿ ಬಂದಿದ್ದಳೆಂದು ನೋಡಿದರೆ ತಿಳಿಯುತ್ತಿತ್ತು.

ತೀರಿಹೋದ ಗಂಡನಿಂದ ಬಂದ ಸೈಟನ್ನು ಆಕೆ 2023ರಲ್ಲಿ ಮಾರಿದ್ದಳು. ಮಾರುವವರು ವಿದೇಶದಲ್ಲಿದ್ದರೆ ಕೊಳ್ಳುವವರು ತೆರಿಗೆಯನ್ನು ಹೆಚ್ಚಾಗಿಯೇ ಮುರಿದುಕೊಂಡು ಸರ್ಕಾರಕ್ಕೆ ಕಟ್ಟುತ್ತಾರೆ. ಮರುವರ್ಷ ಜುಲೈ 31ರೊಳಗೆ, ಬಹಳವೆಂದರೆ ದಂಡ ಕಟ್ಟಿ ಡಿಸೆಂಬರ್ ಕೊನೆಯೊಳಗೆ, ರಿಟರ್ನ್ ಸಲ್ಲಿಸಿದರೆ ಹೆಚ್ಚಾದದ್ದು ವಾಪಸ್ ಬರುತ್ತದೆ. ಆಕೆಗೆ ಬರಬೇಕಿದ್ದದ್ದು ಐದು ಲಕ್ಷ ನಲವತ್ತು ಸಾವಿರ.

"ರಿಟರ್ನ್ ಯಾರ ಕೈಲಿ ಹಾಕಿಸ್ತಿದ್ರಿ?" ದೇವರಾಜ್ ಕೇಳಿದರು.

"ಅನಂತರಾಜು ಅಂಕಲ್ಲು ಸಾರ್, ಬಸ್ ಸ್ಟ್ಯಾಂಡ್ ಪಕ್ಕ ಟ್ಯಾಕ್ಸ್ ಆಫೀಸ್ ಇಟ್ಕಂಡವ್ರೆ. ರಿಟರ್ನ್ ಸೇರ್ತು ಅಂತ ಆಗಸ್ಟಲ್ಲೇ ಸ್ವೀಕೃತಿ ಕಳ್ಸಿದ್ರು. ಮೊನ್ನೆ ರಜೆಗೆ ಬಂದು ನಾನೇ ಇಲಾಖೆ ವೆಬ್‌ಸೈಟ್ ತೆಗ್ದು ನೋಡುದ್ರೆ ಹಾಕೇ ಇಲ್ಲ."

"ದುಡ್ಡಿಗೆ ಏನಾದ್ರೂ ಅವಸರ ಇತ್ತಾ?"

"ಅಲ್ಲಿ ನಾಕು ಜನ ಹೆಂಗಸ್ರು ಒಂದೇ ಮನೇಲಿದೀವಿ. ಮಗೂನ ಇಟ್ಕೊಳಂಗಿಲ್ಲ. ಬೇರೆ ಮನೆಗೆ ಅಡ್ವಾನ್ಸ್ ಕೊಟ್ಟು ಮಗಳನ್ನ ಕರ್ಕೊಂಡೋಗಬೇಕು ಅಂತಿದ್ದೆ. ಐದು ವರ್ಷದಿಂದ ನಮ್ಮತ್ತಿಗೆ ತಾವ ಅವ್ಳೆ. ಅತ್ತಿಗೇನೇ ಅಮ್ಮ ಅಂತಾಳೆ ಸಾರ್."

ನಕಲಿ ದಾಖಲೆ ಸೃಷ್ಟಿ ಮತ್ತು ಬಳಕೆ ಎಂದು 11.30ಕ್ಕೆ FIR ದಾಖಲಾಯಿತು. ಠಾಣೆಯ ಕಂಪ್ಯೂಟರ್ ನೋಡಿಕೊಳ್ಳುವ ಕಾನ್‌ಸ್ಟೆಬಲ್ ಮಹ್ವಿಶ್ ಸ್ವೀಕೃತಿಯನ್ನು ಎರಡು ಸಲ ಓದಿದಳು.

"ಸಾರ್, ಸ್ವೀಕೃತಿ ನಂಬರಿನ ಕೊನೇ ಆರು ಅಂಕಿ ಸಲ್ಲಿಸಿದ ತಾರೀಖು ಆಗಿರುತ್ತೆ. ಮೇಲೆ 31-07-2024 ಅಂತಿದೆ, ನಂಬರ್ ಮಾತ್ರ 280723ಕ್ಕೆ ಮುಗಿಯುತ್ತೆ. ಹಿಂದಿನ ವರ್ಷದ್ದನ್ನೇ ತಿದ್ದಿದಾರೆ."

ಮೂವತ್ತು ವರ್ಷ ರಿಟರ್ನ್ ಹಾಕುವ ಕೆಲಸ ಮಾಡಿದ ಮನುಷ್ಯ ಇಷ್ಟು ಒರಟಾಗಿ ತಿದ್ದುತ್ತಾನೆಯೇ ಎಂಬ ಅನುಮಾನ ದೇವರಾಜ್‌ಗೆ ಹೋಗಲಿಲ್ಲ. ಕಳ್ಳತನವನ್ನೂ ಜನ ಒಸಿ ಮುತುವರ್ಜಿಯಿಂದ ಮಾಡುತ್ತಾರೆ.

ಮಧ್ಯಾಹ್ನ 3.00, ಹೊಂಗನೂರು. ರಮ್ಯಾಳ ಅತ್ತಿಗೆ ರಾಧಾಮಣಿ ರೇಷ್ಮೆಹುಳುವಿಗೆ ಸೊಪ್ಪು ಹಾಕುತ್ತಿದ್ದಳು. ವಿದೇಶದಲ್ಲಿರುವವರು ಊರಿನ ಸಿಮ್ಮನ್ನು ಮನೆಯವರ ಕೈಗೆ ಕೊಟ್ಟು ಹೋಗುವುದು ಈ ಕಡೆ ವಾಡಿಕೆ. ತೆರಿಗೆ ಇಲಾಖೆಯ OTP ಆ ನಂಬರಿಗೇ ಬರುತ್ತದೆ, ಅದಿಲ್ಲದೆ ರಿಟರ್ನ್ ಸಲ್ಲಿಸುವಂತಿಲ್ಲ. ರಮ್ಯಾಳ ಸಿಮ್ಮು ಇದ್ದದ್ದು ರಾಧಾಮಣಿಯ ಹಳೇ ಫೋನಿನಲ್ಲಿ.

"ಹೋದ ಜುಲೈನಲ್ಲಿ OTP ಬಂತಾ?" ದೇವರಾಜ್ ಕೇಳಿದರು.

"ಇಲ್ಲ ಸಾ. ಕರೆನ್ಸಿ ಮುಗ್ದೋಗಿತ್ತು, ನಂಗೆ ಗ್ಯಾನನೇ ಇಲ್ಲ. ಗೌರಿ ಹಬ್ಬದಾಗೆ ಹಾಕುಸ್ದೆ."

"ಪ್ರತಿ ವರ್ಷ ಹೇಗೆ ನೆನಪಾಗ್ತಿತ್ತು?"

"ಅನಂತರಾಜು ಅವ್ರ ಮನೆಯವ್ರು, ನಾಗಲಕ್ಷ್ಮಮ್ಮ, ಜುಲೈ ಹುಟ್ತಿದ್ದಂಗೆ ಎಲ್ಲಾರ್ ಮನೇಗೂ ಫೋನ್ ಮಾಡೋರು. 'ರಾಧಾ, ಸಿಮ್ಮಿಗೆ ಕರೆನ್ಸಿ ಹಾಕ್ಸವ್ವ, ಹೊಲಕ್ಕೋದ್ರೂ ಫೋನ್ ಸೊಂಟದಾಗೇ ಇರ್ಲಿ' ಅನ್ನೋರು. ಹೋದ ವರ್ಷ ಮಾಡ್ಲಿಲ್ಲ. ಆಸ್ಪತ್ರೇಲಿದ್ರಂತೆ. ಆಮೇಲ್ ತೀರೋದ್ರಲ್ಲ."

"ಯಾವಾಗ?"

"ಜುಲೈ ಕೊನೇಗೆ. ಮಣ್ಣಿಗೋಗಿದ್ದೆ."

ಫೆಬ್ರವರಿ 12, ಬೆಳಿಗ್ಗೆ 11.15. ಅನಂತರಾಜು ಆಫೀಸಿನಲ್ಲಿ ಪಂಚರ ಎದುರು ಮಹಜರು ನಡೆಯಿತು. ಅರವತ್ತು ದಾಟಿದ ಮನುಷ್ಯ ಲ್ಯಾಪ್‌ಟಾಪನ್ನು ತಾನೇ ಎತ್ತಿಕೊಟ್ಟು ಪಾಸ್‌ವರ್ಡ್ ಹೇಳಿದ. ಬ್ಯಾಂಕ್ ಖಾತೆಯಲ್ಲಿ ಅನುಮಾನದ ಒಂದು ರೂಪಾಯಿಯೂ ಸಿಗಲಿಲ್ಲ. ರಮ್ಯಾಳಿಂದ ಆ ವರ್ಷದ ಫೀಸನ್ನೂ ತೆಗೆದುಕೊಂಡಿರಲಿಲ್ಲ.

ಮಹ್ವಿಶ್ ಲ್ಯಾಪ್‌ಟಾಪಿನಿಂದ ತಲೆ ಎತ್ತಿದಳು. "ಸಾರ್, ಜುಲೈ 31ನೇ ತಾರೀಖು ಹನ್ನೊಂದು ರಿಟರ್ನ್ ಹೋಗಿದಾವೆ. ಕೊನೇದು ಸಂಜೆ 7.12ಕ್ಕೆ. ಹನ್ನೆರಡನೇದು ರಮ್ಯಾ ಅವರದು. ತುಂಬಿ ಹಾಗೇ ಬಿಟ್ಟಿದಾರೆ."

"ಯಾಕೆ ಬಿಟ್ರಿ?" ದೇವರಾಜ್ ಕೇಳಿದರು.

ಅನಂತರಾಜು ಕುರ್ಚಿ ಎಳೆದುಕೊಂಡು ಕೂತ.

"ರಾಮನಗರದ ಆಸ್ಪತ್ರೆ ವರಾಂಡದಲ್ಲಿ ಕೂತಿದ್ದೆ ಸಾರ್. ಒಳಗೆ ನಾಗು ಇದ್ಳು. ಬೆಳಿಗ್ಗೆ ಮಾತಾಡಿದ್ಳು. 'ಇವತ್ತು ಕೊನೇ ದಿನ ಅಲ್ವಾ, ಮುಗಿಸ್ಕೊಂಡು ಬನ್ನಿ' ಅಂದಿದ್ಳು. ಹನ್ನೊಂದು ಮುಗಿಸ್ದೆ. ಇದೊಂದು ಮುಗಿದ್ರೆ ಒಳಗೆ ಹೋಗಿ ಕೂತ್ಕೋಬೇಕು ಅಂತಿದ್ದೆ. OTP ಒತ್ತಿದೆ. ರಾಧಾಗೆ ಆ ನಂಬರಿಗೇ ಫೋನ್ ಮಾಡಿದ್ರೆ ಹೋಗ್ತಾ ಇಲ್ಲ. ನರ್ಸ್ ಬಂದು 'ಒಳಗೆ ಬನ್ನಿ' ಅಂದ್ರು. 'ಎರಡು ನಿಮಿಷ ತಾಯಿ, OTP ಬತ್ತಾ ಐತೆ' ಅಂದೆ. ಇನ್ನೊಂದು ಸಲ ಬಂದ್ರು. ಕೈ ತೋರಿಸ್ದೆ. ಆಮೇಲೆ ಅವ್ರು ಬರ್ಲಿಲ್ಲ, ಡಾಕ್ಟ್ರೇ ಬಂದ್ರು."

ಪಂಚರಲ್ಲೊಬ್ಬರು ಗೋಡೆಯ ಕಡೆ ತಿರುಗಿಕೊಂಡರು.

"ಡಿಸೆಂಬರ್ ತನಕ ಟೈಮ್ ಇತ್ತಲ್ರೀ," ಎಂದರು ದೇವರಾಜ್.

"ಇತ್ತು. ರಮ್ಯಾ ಹೆಸ್ರು ತೆಗೆದ್ರೆ ಆ ವರಾಂಡದಲ್ಲೇ ಕೂತಂಗಾಗೋದು. ಕೈ ಏಳ್ತಿರ್ಲಿಲ್ಲ. ಆ ಹುಡುಗಿ ಅಲ್ಲಿಂದ ಕೇಳ್ತಾನೇ ಇತ್ತು. ಏನಂತ ಹೇಳ್ಲಿ? ಹಳೇದನ್ನೇ ತಿದ್ದಿ ಕಳಿಸ್ದೆ. ನಾಳೆ ಹಾಕಿದ್ರಾಯ್ತು ಅಂತ ದಿನಾ ಅಂದ್ಕೊಂಡೆ. ಡಿಸೆಂಬರ್ ಮುಗಿದೋಯ್ತು. ತಪ್ಪು ನಂದೇ ಸಾರ್, ಬರ್ಕೊಳಿ."

ಸಂಜೆ 4.10ಕ್ಕೆ ಬಂಧನ. ವಿಷಯವನ್ನು ಯಾರಿಗೆ ತಿಳಿಸಬೇಕು ಎಂದು ಮಹ್ವಿಶ್ ಕೇಳಿದಾಗ ಅನಂತರಾಜು ಯೋಚಿಸಿದ, ಯಾರೂ ಹೊಳೆಯಲಿಲ್ಲ. ಮಕ್ಕಳಿರಲಿಲ್ಲ.

ಹೇಳಿಕೆಗೆ ಸಹಿ ಹಾಕಲು ಬಂದ ರಮ್ಯಾಗೆ ದೇವರಾಜ್ ಎಲ್ಲವನ್ನೂ ಓದಿ ಹೇಳಿದರು. ಆಕೆಯ ಸಿಟ್ಟು ನ್ಯಾಯವಾದದ್ದು, ಆದರೆ ಅದನ್ನು ಇಡಲು ಈಗ ಜಾಗವೇ ಉಳಿದಿರಲಿಲ್ಲ.

"ಎಷ್ಟು ಸಲ ಕರುದ್ರಂತೆ, ಆ ನರ್ಸು?" ರಮ್ಯಾ ಕೇಳಿದಳು.

"ಎರಡು ಸಲ."

"ಮೂರ್ನೇ ಸಲ ಕರಿಯಾಕೆ ನಮ್ಗೂ ಟೈಮ್ ಇರಲ್ಲ ಸಾರ್." ಸಹಿ ಹಾಕಿ ಪೆನ್ನಿಟ್ಟಳು. "ಕೇಸ್ ವಾಪಸ್ ತಗೊಳಕ್ಕಾಯ್ತದಾ?"

"FIR ಆದ್ಮೇಲೆ ನನ್ನ ಕೈಲಿಲ್ಲಮ್ಮ. ಕೋರ್ಟಲ್ಲಿ ಹೇಳಬಹುದು. ದುಡ್ಡಿಗೆ ತೆರಿಗೆ ಇಲಾಖೆಯ ಮೇಲಿನವರಿಗೆ ಅರ್ಜಿ ಹಾಕಬಹುದು. ಒಂದೆರಡು ವರ್ಷ ಹಿಡೀಬಹುದು."

ಬೆಂಚಿನ ಮೇಲೆ ಕೂತಿದ್ದ ಅನಂತರಾಜು ಎದ್ದು ನಿಂತು ಏನೋ ಹೇಳಹೋದ.

"ಬಯ್ಯಾಕೇ ಬಂದೆ ಅಂಕಲ್," ಎಂದಳು ರಮ್ಯಾ, "ಬಯ್ಯಾಕೂ ಆಯ್ತಾ ಇಲ್ಲ. ನಾಡಿದ್ದು ನನ್ನ ವಿಮಾನ. ಕರ್ಕೊಂಡೋಗಕ್ಕಾಗಲ್ಲ ಅಂತ ಮಗ್ಳಿಗಿನ್ನೂ ಹೇಳಿಲ್ಲ. ಬಟ್ಟೆ ಎಲ್ಲಾ ಬ್ಯಾಗಿಗೆ ತುಂಬ್ಕೊಂಡು ಕೂತವ್ಳೆ."

ಹೊಂಗನೂರಿನ ಬಸ್ಸು ಐದೂಕಾಲಿಗಿದೆ ಎಂದಷ್ಟೇ ದೇವರಾಜ್ ಹೇಳಿದರು.