ನಳಿಗೆಯ ಆ ತುದಿಯ ಬೆಳಕು

"ಅಲುಗಾಡಿದ್ರೆ ಸುಟ್ಟುಬಿಡ್ತೀನಿ, ನಚಿಕೇತ!"

ಶ್ರೀಕರ್ ಅಂಕಲ್‌ನ ರೈಫಲ್ ನನ್ನ ಎದೆಗೆ ಗುರಿಯಿಟ್ಟಿತ್ತು. ಜಾಗ, ಅಮೆರಿಕದ ಎಡಿಸನ್ನಿನಲ್ಲಿ ಅವನದೇ ಗರಾಜ್. ಗೋಡೆಯಾಚೆ ಅವನ ಹೆಂಡತಿ ರಮಾಮಣಿ ಮಿಕ್ಸಿ ತಿರುಗಿಸುತ್ತಿದ್ದಳು. ನಾನು ಸತ್ತರೂ ಚಟ್ನಿಗೆ ಭಂಗವಿರಲಿಲ್ಲ!

ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳು. ಆದರೆ ಸಿಟ್ಟು ಅದಕ್ಕಿಂತ ದೊಡ್ಡದಿತ್ತು.

ಯಾಕೆ ಅಂತೀರಾ?

ಶೂಟಿಂಗ್ ರೇಂಜ್ ನಡೆಸುತ್ತಿದ್ದ ಟೋನಿ ತನ್ನದೇ ಪಾರ್ಕಿಂಗ್ ಲಾಟ್‌ನಲ್ಲಿ ಹೆಣವಾಗಿ ಬಿದ್ದಿದ್ದ. ಮೈಯೊಳಗೆ ಹಳೇ ಕಾಲದ ತೋಟಾದ ಸೀಸದ ಗುಂಡು. ಅಂಥ ರೈಫಲ್ ಅಲ್ಲಿ ಇಬ್ಬರ ಬಳಿ ಮಾತ್ರ. ಒಬ್ಬ ಶ್ರೀಕರ್. ಇನ್ನೊಬ್ಬ ಧಾರವಾಡದ ಈಶಣ್ಣ. ಇಬ್ಬರೂ ಇದೇ ಗರಾಜಿನಲ್ಲಿ ಸೀಸ ಕರಗಿಸಿ, ಒಂದೇ ಅಚ್ಚಿನಲ್ಲಿ ಗುಂಡು ಎರೆದು ಹಂಚಿಕೊಳ್ಳುವ ಜೀವದ ಗೆಳೆಯರು.

ಆ ಸಂಜೆ ಈಶಣ್ಣ ರೇಂಜಿನಲ್ಲಿದ್ದ. ಶ್ರೀಕರ್ ಮನೆಯಲ್ಲಿದ್ದೆ ಎಂದ. ಪೊಲೀಸರು ಈಶಣ್ಣನನ್ನು ಒಯ್ದರು. ಅವನ ಮಗಳು ಅನುಶ್ರೀಯ ತಲೆ ಸವರಿ "ನಾನಿದ್ದೀನಮ್ಮಾ" ಎಂದವನು ಯಾರು ಗೊತ್ತೇ? ಇದೇ ಶ್ರೀಕರ್!

ಲ್ಯಾಬ್ ಕೆಲಸ ಬಿಟ್ಟು ಪತ್ತೇದಾರನಾದ ನನ್ನನ್ನು ಅನುಶ್ರೀ ಹುಡುಕಿಕೊಂಡು ಬಂದಳು.

"ನಾ ಹೊಡದಿಲ್ಲೋ ತಮ್ಮಾ" ಎಂದ ಈಶಣ್ಣ, ಜೈಲಿನ ಗಾಜಿನಾಚೆಯಿಂದ. "ನನ್ನ ನಳಿಗಿ ಅಳತಿ ತಗಸು. ಅದು ಸುಳ್ಳ ಹೇಳೂದಿಲ್ಲ."

ವಕೀಲರ ಮೂಲಕ ತೆಗೆಸಿದೆ. ಕ್ರಮ ಹಳೆಯದು... ಮೆತ್ತನೆಯ ಸೀಸದ ಉಂಡೆಯನ್ನು ನಳಿಗೆಯ ಈ ತುದಿಯಿಂದ ಬಡಿದು ಆ ತುದಿಯಲ್ಲಿ ತೆಗೆದರೆ, ಒಳಗಿನ ಗಾತ್ರವನ್ನು ಮೈಮೇಲೆ ಒತ್ತಿಕೊಂಡು ಬರುತ್ತದೆ. ಈಶಣ್ಣನದು ಬಿಗಿ ನಳಿಗೆ. ಪಾಯಿಂಟ್ ಫೋರ್ ಫೈವ್ ಸೆವೆನ್ ಇಂಚು. ಟೋನಿಯನ್ನು ಕೊಂದ ಗುಂಡಿನ ಮೂತಿ ಜಜ್ಜಿಹೋಗಿತ್ತು, ಬುಡ ಮಾತ್ರ ಕೆಟ್ಟಿರಲಿಲ್ಲ. ಅದು ಪಾಯಿಂಟ್ ಫೋರ್ ಸಿಕ್ಸ್!

ಬಿಗಿ ನಳಿಗೆಯಿಂದ ದಪ್ಪ ಗುಂಡು ಹೊರಬೀಳುವುದಿಲ್ಲ. ಹಿಂಡಿಸಿಕೊಂಡೇ ಬರಬೇಕು.

ಅದಕ್ಕೇ ಇವತ್ತು ಶ್ರೀಕರ್ ತರಕಾರಿಗೆ ಹೋದಾಗ, "ಈಶಣ್ಣನ ಸಾಮಾನು ತಗೊಂಡು ಹೋಗ್ತೀನಿ ಆಂಟಿ" ಎಂದು ಗರಾಜಿಗೆ ನುಗ್ಗಿದೆ. ಅಲ್ಲೇ ಇದ್ದ ಸುತ್ತಿಗೆಯಿಂದ ಅವನ ರೈಫಲಿಗೂ ಒಂದು ಉಂಡೆ ಬಡಿದು ತೆಗೆದೆ. ಅಳೆಯುವ ಕ್ಯಾಲಿಪರಿನಲ್ಲಿ ಅಂಕಿ ಮೂಡುವುದಕ್ಕೂ ಗರಾಜ್ ಬಾಗಿಲು ಮೇಲೇಳುವುದಕ್ಕೂ ಸರಿಹೋಯಿತು. ಉಂಡೆಯನ್ನು ಜೇಬಿಗಿಳಿಸಿದೆ, ಅಷ್ಟೆ. ಅವನು ರೈಫಲ್ ಬಾಚಿಕೊಂಡು ತೋಟಾ ತುರುಕಿಯೇಬಿಟ್ಟ.

"ಎರಡೂ ಒಂದೇ ಮಾಡೆಲ್ಲು! ಒಂದೇ ತೋಟಾ! ಏನೋ ಅಳೀತೀಯ?"

"ಹಳೇ ನಳಿಗೆ ಅಂಕಲ್. ಹೆಸರು ಒಂದೇ, ಹೊಟ್ಟೆ ಬೇರೆ. ನೀವು ಪುಸ್ತಕದ ಅಂಕಿ ನಂಬಿದ್ರಿ. ಅಳೀಲೇ ಇಲ್ಲ."

"ಆ ಟೋನಿ ಎಲ್ಲರೆದುರು ನನ್ನನ್ನ ರೇಂಜಿಂದ ಆಚೆ ಹಾಕಿದ! ನನ್ನನ್ನ! ಅನ್‌ಸೇಫ್ ಅಂತೆ!"

"ಅದಕ್ಕೆ ಈಶಣ್ಣ ಜೈಲಲ್ಲಿ ಕೊಳೀಬೇಕಾ?"

"ಸಾಯೋನಿಗೆ ಯಾಕೋ ಅದೆಲ್ಲ!"

ಬೆರಳು ಟ್ರಿಗರಿನ ಮೇಲೆ ಬಿಗಿಯಿತು.

"ಹೊಡೀರಿ ಅಂಕಲ್. ಆದ್ರೆ ಸೀಸದ ಉಂಡೆ ಇನ್ನೂ ನಳಿಗೆ ಮಧ್ಯ ಸಿಕ್ಕೊಂಡಿದೆ. ನಾನು ಸಾಯ್ತೀನೋ ಇಲ್ವೋ... ನಳಿಗೆ ಸಿಡಿದು ನಿಮ್ಮ ಮುಖ ಮಾತ್ರ ಗ್ಯಾರಂಟಿ ಹೋಗುತ್ತೆ!"

"ಸುಳ್ಳು!"

"ಇರಬಹುದು."

ಬೆರಳು ನಿಂತಿತು.

ಮನೆಯಲ್ಲೇ ತೋಟಾ ತುಂಬುವವನಿಗೆ ಕಟ್ಟಿಕೊಂಡ ನಳಿಗೆಯಷ್ಟು ಭಯ ಯಮನದೂ ಇಲ್ಲ. ಅನುಮಾನ ಬಂದರೆ ತೋಟಾ ತೆಗೆಯಬೇಕು, ಬೆಳಕಿಗೆ ಹಿಡಿಯಬೇಕು, ನೋಡಬೇಕು. ವರ್ಷಗಟ್ಟಲೆ ಅವನ ಕೈ ಮಾಡಿದ್ದು ಅದನ್ನೇ. ತಲೆ ಬೇಡವೆಂದರೂ ಕೈ ಕೇಳಲಿಲ್ಲ!

ಎರಡು ಹೆಜ್ಜೆ ಹಿಂದೆ ಸರಿದ. ರೈಫಲಿನ ಲಿವರ್ ಇಳಿಸಿ ನಳಿಗೆಯ ಬುಡ ತೆರೆದ. ತೋಟಾ ಠಣ್ಣನೆ ಕಾಂಕ್ರೀಟಿಗೆ ಬಿತ್ತು. ನಳಿಗೆಯನ್ನು ಟ್ಯೂಬ್‌ಲೈಟಿನತ್ತ ಎತ್ತಿ, ಬುಡಕ್ಕೆ ಕಣ್ಣಿಟ್ಟ.

ಆ ತುದಿಯ ಬೆಳಕು ಅವನಿಗೆ ನಿಚ್ಚಳವಾಗಿ ಕಂಡಿರಬೇಕು. ಉಂಡೆ ನನ್ನ ಜೇಬಿನಲ್ಲಿತ್ತು. ಪಾಯಿಂಟ್ ಫೋರ್ ಸಿಕ್ಸ್.

"ರಾಸ್ಕಲ್..."

ಹಿರಿಯರ ಮೇಲೆ ಕೈ ಎತ್ತಬಾರದು ಎಂದು ನಮ್ಮಮ್ಮ ಕಲಿಸಿದ್ದಳು.

ಅದಕ್ಕೇ ಸುತ್ತಿಗೆ ಎತ್ತಿದೆ.